ಕೊಳವೆ ಮಾರ್ಗ: ಉಪಗ್ರಹ ಕಂಡದ್ದು, ಲೆಕ್ಕಕ್ಕೆ ಬಂದದ್ದು

ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲ ತರುವ 450 ಕಿ.ಮೀ. ಉದ್ದದ ಕೊಳವೆ ಮಾರ್ಗ 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಅದೇ ಯೋಜನೆಯ ಇನ್ನೊಂದು ಕವಲು ಕೊಯಮತ್ತೂರು, ಸೇಲಂ, ಕೃಷ್ಣಗಿರಿಗಳನ್ನು ಹಾದು ಬೆಂಗಳೂರಿಗೆ ಬರಬೇಕಿತ್ತು. ತಮಿಳುನಾಡಿನ ರೈತರ ವಿರೋಧದಿಂದ ಅದು ವರ್ಷಗಟ್ಟಲೆ ನಿಂತುಹೋಯಿತು. ಹೊಲಗಳ ನಡುವೆ ಬೇಡ, ಹೆದ್ದಾರಿಯ ಬದಿಯಲ್ಲಿ ಒಯ್ಯಿರಿ ಎಂದು 2013ರಲ್ಲಿ ಅಲ್ಲಿನ ಸರ್ಕಾರ, ಕೊಳವೆ ಹಾಕುವ ಕೇಂದ್ರ ಸರ್ಕಾರಿ ಅನಿಲ ಕಂಪನಿ ಗೇಲ್‌ಗೆ ಸೂಚಿಸಿತು. ಆ ಆದೇಶವನ್ನು ಮದ್ರಾಸ್ ಹೈಕೋರ್ಟ್ ಅದೇ ವರ್ಷ ರದ್ದುಪಡಿಸಿತು, 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಗೆರೆ ನಮ್ಮ ಹೊಲದ ಮೇಲೇ ಏಕೆ ಎಂಬ ರೈತರ ಪ್ರಶ್ನೆಗೆ ನ್ಯಾಯಾಲಯದ ಉತ್ತರ ಒಂದಾದರೆ, ಮಾರ್ಗ ಗುರುತಿಸುವ ವಿಧಾನದಲ್ಲೇ ಅಡಗಿರುವ ಉತ್ತರ ಇನ್ನೊಂದು.

1980ರ ದಶಕದಲ್ಲಿ ಹಜೀರಾದಿಂದ ಜಗದೀಶಪುರಕ್ಕೆ ದೇಶದ ಮೊದಲ ದೊಡ್ಡ ಅನಿಲ ಕೊಳವೆ ಹಾಕುವ ಕಾಲಕ್ಕೆ ಇಂಥ ಕೆಲಸಕ್ಕೆ ಮುಖ್ಯ ಆಧಾರವೆಂದರೆ ಸರ್ವೆ ಆಫ್ ಇಂಡಿಯಾದ ನಕ್ಷೆಗಳು ಮತ್ತು ಸ್ಥಳ ಸಮೀಕ್ಷೆ. ಉಪಗ್ರಹಗಳು ಆಗಲೇ ಇದ್ದವಾದರೂ 1972ರಲ್ಲಿ ಹಾರಿದ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿಯ ಅಗಲ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆ ಜಮೀನು ಪೂರ್ತಿ ಒಂದೇ ಬಣ್ಣ. ಬೆಂಗಳೂರಿನ ಇಸ್ರೋ 1995ರಲ್ಲಿ ಕಳಿಸಿದ ಐಆರ್‌ಎಸ್-1ಸಿ ಇದನ್ನು 5.8 ಮೀಟರಿಗೆ ಇಳಿಸಿತು. 2005ರ ಕಾರ್ಟೊಸ್ಯಾಟ್-1 ಎರಡು ಕ್ಯಾಮೆರಾಗಳಿಂದ ಒಂದೇ ನೆಲವನ್ನು ಎರಡು ಕೋನದಲ್ಲಿ ತೆಗೆದು, 2.5 ಮೀಟರ್ ಸ್ಪಷ್ಟತೆಯ ಚಿತ್ರದ ಜೊತೆಗೆ ನೆಲದ ಏರುತಗ್ಗನ್ನೂ ಕೊಟ್ಟಿತು.

ಏರುತಗ್ಗು ಸಿಕ್ಕಿದ ಮೇಲೆ ನಕ್ಷೆಯ ತಂತ್ರಾಂಶಕ್ಕೆ ನಿಜವಾದ ಕೆಲಸ ಬಂತು. ತಂತ್ರಾಂಶ ನೆಲವನ್ನು ಸಣ್ಣ ಚೌಕಗಳಾಗಿ ಒಡೆದು, ಇಳಿಜಾರು, ಬಂಡೆ, ನದಿ, ಕಾಡು, ಗದ್ದೆ, ಮನೆ ಇವುಗಳಲ್ಲಿ ಏನಿದೆಯೋ ಅದಕ್ಕೆ ತಕ್ಕಂತೆ ಪ್ರತಿ ಚೌಕಕ್ಕೂ ಒಂದು ವೆಚ್ಚದ ಅಂಕ ಹಚ್ಚುತ್ತದೆ. ಆಮೇಲೆ, ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವನ್ನೋ ಅದರ ಸಂಬಂಧಿಯನ್ನೋ ಬಳಸಿ, ಒಟ್ಟು ಅಂಕ ಅತಿ ಕಡಿಮೆಯಾಗುವ ದಾರಿಯನ್ನು ಹುಡುಕುತ್ತದೆ. ಹಾಗಾಗಿ ನೇರ ಗೆರೆಗಿಂತ ಉದ್ದವಾದ ದಾರಿ ಎಷ್ಟೋ ಬಾರಿ ಅಗ್ಗವಾಗಿ ಕಾಣುತ್ತದೆ. ಈ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಕಾಡಿಗೆ ಎಷ್ಟು ಅಂಕ, ಬಯಲು ಹೊಲಕ್ಕೆ ಎಷ್ಟು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುವುದಿಲ್ಲ, ಎಂಜಿನಿಯರುಗಳು ತುಂಬುತ್ತಾರೆ. ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಊರಿನ ಹತ್ತಿರ ಸುರಕ್ಷತೆಯ ಅಂತರ ಬೇಕು. ಮಟ್ಟಸವಾದ, ಮನೆಗಳಿಲ್ಲದ ಕೃಷಿಭೂಮಿಯೇ ಅಗ್ಗವಾಗಿ ಉಳಿಯುತ್ತದೆ. ಹೊಲದ ಮೇಲೆ ಗೆರೆ ಬೀಳುವುದು ಆಕಸ್ಮಿಕವಲ್ಲ ಎಂದು ನನಗನ್ನಿಸುವುದು ಇದರಿಂದ.

ಅಂಕ ಸರಿಯಾಗಿದ್ದರೂ ಚಿತ್ರ ಎಲ್ಲವನ್ನೂ ಕಾಣುವುದಿಲ್ಲ. ಕಾಸರಗೋಡು, ದಕ್ಷಿಣ ಕನ್ನಡಗಳ ತೋಟಗಳಲ್ಲಿ ಮನೆಗಳು ತೆಂಗು ಅಡಿಕೆಗಳ ನೆರಳಿನಲ್ಲಿ ಚದುರಿಕೊಂಡಿವೆ. ಮೇಲಿನಿಂದ ನಾಗಬನವೂ ಒಂದು ಮರಗಳ ಗುಂಪು ಅಷ್ಟೇ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳ ಸುಳಿವಂತೂ ಯಾವ ಕ್ಯಾಮೆರಾಕ್ಕೂ ಸಿಗದು, ಅಗೆಯುವ ಯಂತ್ರಕ್ಕೆ ಮಾತ್ರ ಸಿಕ್ಕೀತು. ಇಳಿಜಾರಿನದೂ ಒಂದು ತೊಡಕಿದೆ: ಕೊಳವೆ ಗುಡ್ಡವನ್ನು ನೇರವಾಗಿ ಹತ್ತಿದರೆ ಅಪಾಯ ಕಡಿಮೆ, ಓರೆಯಾಗಿ ಸಾಗಿದರೆ ಜಾರುವ ಮಣ್ಣು ಅದನ್ನು ಪಕ್ಕದಿಂದ ಒತ್ತುತ್ತದೆ. ಚೌಕಕ್ಕೊಂದೇ ಅಂಕ ಕೊಡುವ ಸರಳ ಲೆಕ್ಕಕ್ಕೆ ದಿಕ್ಕಿನ ಈ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದಲೇ ಉಪಗ್ರಹ ಸೂಚಿಸಿದ ದಾರಿಯನ್ನು ಇಂದಿಗೂ ಸಮೀಕ್ಷಕರು ನಡೆದು ನೋಡಿ ತಿದ್ದುತ್ತಾರೆ.

2014ರ ಜೂನ್‌ನಲ್ಲಿ ಆಂಧ್ರದ ನಗರಂನಲ್ಲಿ ಗೇಲ್ ಕೊಳವೆ ಸ್ಫೋಟಿಸಿ ಹಲವರು ಸತ್ತ ಮೇಲೆ, ಆಗಲೇ ನೆಲದಲ್ಲಿರುವ ಕೊಳವೆಗಳ ಕಾವಲು ಕೂಡ ದೊಡ್ಡ ಚರ್ಚೆಯಾಯಿತು. ಉಪಗ್ರಹ ಚಿತ್ರ, ನಕ್ಷೆಗಳನ್ನು ಒದಗಿಸುವ ಇಸ್ರೋದ ಭುವನ್ ಜಾಲತಾಣದ ನೆರವಿನಿಂದ ಮಾರ್ಗದ ಮೇಲಿನ ಒತ್ತುವರಿಗಳನ್ನು ಗಮನಿಸುವ ವ್ಯವಸ್ಥೆಯನ್ನು ಗೇಲ್ 2016ರಲ್ಲಿ ಆರಂಭಿಸಿತು.

ಕೊಳವೆಗಾಗಿ ಜಮೀನಿನ ಬಳಕೆಯ ಹಕ್ಕು ಪಡೆಯುವ ಕಾನೂನು ಮಾತ್ರ 1962ರದೇ. ಅದರಂತೆ ಜಮೀನಿನ ಒಡೆತನ ರೈತನಲ್ಲೇ ಉಳಿಯುತ್ತದೆ. ಕೊಳವೆ ಹಾದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ, ಪರಿಹಾರ ಮಾರುಕಟ್ಟೆ ಬೆಲೆಯ ಶೇ 10. ಅಧಿಸೂಚನೆ ಹೊರಟ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆ ಅಧಿಸೂಚನೆಯಲ್ಲಿ ಸರ್ವೆ ನಂಬರ್, ಊರು, ವಿಸ್ತೀರ್ಣ ಇರುತ್ತವೆ. ಯಾವ ನೆಲಕ್ಕೆ ಎಷ್ಟು ಅಂಕ ಕೊಟ್ಟು ಈ ದಾರಿ ಹುಡುಕಲಾಯಿತು ಎಂಬ ಪಟ್ಟಿಯನ್ನು ಅದರ ಜೊತೆ ಲಗತ್ತಿಸಬೇಕೆಂದು ಕಾಯ್ದೆ ಹೇಳುವುದಿಲ್ಲ.