ಲೆನ್ಸಿನ ಬಂಡವಾಳ ಮೂಲೆಯಲ್ಲಿ

ಹೊಸ ವೈಡ್ ಆ್ಯಂಗಲ್ ಜೂಮ್ ಕೈಗೆ ಬಂದಾಗ ಚಿತ್ರದ ನಡುಭಾಗವನ್ನು ನೋಡುವ ಗೋಜಿಗೇ ನಾನು ಹೋಗುವುದಿಲ್ಲ. ಅಲ್ಲಿ ಈಗಿನ ಲೆನ್ಸುಗಳು ಸೋಲುವುದು ಅಪರೂಪ. ಅತಿ ಅಗಲದ ನೋಟ ಸಿಗುವ 16 ಮಿ.ಮೀ.ಗೆ ತಿರುಗಿಸಿ, ಬೆಳಕು ಬರುವ ಕಿಂಡಿಯಾದ ಅಪರ್ಚರ್ ಪೂರ್ತಿ ತೆರೆದು, ನೇರವಾಗಿ ನಾಲ್ಕು ಮೂಲೆಗಳನ್ನು ದೊಡ್ಡದು ಮಾಡಿ ನೋಡುತ್ತೇನೆ.

ಹಳೆಯ ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡದಾದ ಫುಲ್ ಫ್ರೇಮ್ ಸೆನ್ಸರಿನಲ್ಲಿ 16 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ ಸುಮಾರು 107 ಡಿಗ್ರಿ ನೋಡುತ್ತದೆ. ಅಂದರೆ ಮೂಲೆಗೆ ಬೀಳಬೇಕಾದ ಬೆಳಕು 53 ಡಿಗ್ರಿಗೂ ಹೆಚ್ಚು ಓರೆಯಾಗಿ ಬರುತ್ತದೆ. ಸರಳ ಲೆನ್ಸಿನಲ್ಲಾದರೆ ಆ ಓರೆಯ ಕೊಸೈನಿನ ನಾಲ್ಕನೇ ಘಾತದಷ್ಟು ಬೆಳಕು ಮಾತ್ರ ತಲುಪೀತು. ಲೆಕ್ಕ ಹಾಕಿದರೆ ನಡುವಿನ ಎಂಟನೇ ಒಂದು ಪಾಲು! ವಿನ್ಯಾಸಕರು ಇದನ್ನು ತಗ್ಗಿಸುತ್ತಾರೆ, ಪೂರ್ತಿ ಅಳಿಸಲಾರರು.

ಎಸ್‌ಎಲ್‌ಆರ್ ಕಾಲದಲ್ಲಿ ಇನ್ನೊಂದು ಅಡ್ಡಿಯೂ ಇತ್ತು, ಕನ್ನಡಿ. ಲೆನ್ಸಿನ ಹಿಂದೆ ನಿಂತು ಬಿಂಬವನ್ನು ವ್ಯೂಫೈಂಡರಿಗೆ ಕಳಿಸಿ, ಫೋಟೋ ತೆಗೆಯುವಾಗ ಮೇಲೇಳುವಂಥದ್ದು ಅದು. ಲೆನ್ಸ್ ಕೂರುವ ಬಳೆಯಾದ ನಿಕಾನ್ ಎಫ್ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಕನ್ನಡಿ ಏಳಲು ಜಾಗ ಬಿಟ್ಟು 16 ಮಿ.ಮೀ. ಲೆನ್ಸ್ ಕೂರಿಸಬೇಕು. ಹಾಗಾಗಿ ಮುಂದೆ ದಪ್ಪನೆಯ ನಿಮ್ನ ಗಾಜುಗಳನ್ನಿಟ್ಟು ಬಿಂಬವನ್ನು ಹಿಂದಕ್ಕೆ ತಳ್ಳುವ ರೆಟ್ರೋಫೋಕಸ್ ವಿನ್ಯಾಸ ಬಳಕೆಗೆ ಬಂತು. ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಪೈಕಿ ನಿಕಾನ್ ಝಡ್‌ನಲ್ಲಿ ಆ ದೂರ 16 ಮಿ.ಮೀ., ಸೋನಿ ಇ ಮೌಂಟಿನಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20. ಹಿಂದಿನ ಗಾಜು ಸೆನ್ಸರಿನ ಹತ್ತಿರಕ್ಕೇ ಬರಬಹುದು. ಆದರೆ ಸೆನ್ಸರಿಗೆ ತೀರಾ ಓರೆ ಕಿರಣ ಆಗಿಬರುವುದಿಲ್ಲ, ಹಾಗಾಗಿ ಹಳೆಯ ಉಪಾಯಕ್ಕೆ ಪೂರ್ತಿ ವಿದಾಯ ಹೇಳಲಾಗಲಿಲ್ಲ.

ಇನ್ನೊಂದು ಗುಟ್ಟಿದೆ. ಒಮ್ಮೆ ರಾ ಫೈಲನ್ನು, ಅಂದರೆ ಸೆನ್ಸರ್ ಕಂಡ ಕಚ್ಚಾ ದಾಖಲೆಯನ್ನು, ಲೆನ್ಸ್ ತಿದ್ದುಪಡಿ ಆಫ್ ಮಾಡಿ ತೆರೆದೆ. ವ್ಯೂಫೈಂಡರಿನಲ್ಲಿ ನೆಟ್ಟಗಿದ್ದ ಬಾಗಿಲ ಚೌಕಟ್ಟು ಪೀಪಾಯಿಯ ಹೊಟ್ಟೆಯಂತೆ ಉಬ್ಬಿತ್ತು, ಮೂಲೆಗಳು ಕಪ್ಪಿಟ್ಟಿದ್ದವು. ಕ್ಯಾಮೆರಾ ನಮಗೆ ತೋರಿಸುವುದು ತಿದ್ದಿದ ಚಿತ್ರ. ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ, ಲೆನ್ಸ್ ಹಗುರವಾದದ್ದು ಇದರಿಂದಲೂ ಹೌದು. ಬಿಟ್ಟಿಯಂತೂ ಅಲ್ಲ. ಮೂಲೆಯ ಪಿಕ್ಸೆಲ್‌ಗಳನ್ನು ಎಳೆದು ನೇರ ಮಾಡಿದರೆ ವಿವರ ತೆಳುವಾಗುತ್ತದೆ. ಕಪ್ಪಿಟ್ಟ ಮೂಲೆಯ ಬೆಳಕನ್ನು ಮೂರು ಸ್ಟಾಪ್, ಅಂದರೆ ಎಂಟು ಪಟ್ಟು, ಎತ್ತಿದರೆ ಬೆಳಕಿನ ಸೂಕ್ಷ್ಮತೆಯ ಅಳತೆಯಾದ ಐಎಸ್‌ಒ 100ರ ಚಿತ್ರದ ಮೂಲೆ 800ರಷ್ಟು ಕಾಳುಕಾಳಾಗುತ್ತದೆ.

ಗ್ರೂಪ್ ಫೋಟೋದ ತುದಿಯಲ್ಲಿ ನಿಂತವರ ತಲೆ ಮೊಟ್ಟೆಯಾದರೆ ಮಾತ್ರ ಲೆನ್ಸನ್ನು ಬೈಯಬೇಡಿ. ನೇರ ಗೆರೆಯನ್ನು ನೇರವಾಗಿಯೇ ಉಳಿಸಲು ತೆರುವ ಬೆಲೆ ಅದು: 16 ಮಿ.ಮೀ. ಚಿತ್ರದ ಮೂಲೆಯಲ್ಲಿ ಚೆಂಡಿನ ಉದ್ದ ಅಗಲದ ಸುಮಾರು 1.7 ಪಟ್ಟಾಗುತ್ತದೆ.

ಗೋಡೆಯನ್ನು ನೇರ ಎದುರಿನಿಂದ ತೆಗೆದು ಮೂಲೆ ನೋಡುವ ಇಟ್ಟಿಗೆ ಗೋಡೆಯ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ. ಕ್ಯಾಮೆರಾ ಕೊಂಚ ಓರೆಯಾದರೂ ತಪ್ಪು ಲೆನ್ಸಿನ ತಲೆಗೆ ಬರುತ್ತದೆ. ಬಹುದೂರದ ಗೋಪುರವೊಂದನ್ನು ನಡುವಿಗಿಟ್ಟು ಫೋಕಸ್ ಮಾಡಿ, ಫೋಕಸ್ ಕದಲದಂತೆ ಮ್ಯಾನುವಲ್‌ಗೆ ಹಾಕಿ, ಅದೇ ಗೋಪುರ ಒಂದೊಂದು ಮೂಲೆಗೂ ಬರುವಂತೆ ನಾಲ್ಕು ಫೋಟೋ ತೆಗೆಯಿರಿ. ನಾಲ್ಕೂ ಸಮನಾಗಿ ಮಸುಕಾಗಿದ್ದು, ಮೂಲೆಯಲ್ಲೇ ಮತ್ತೆ ಫೋಕಸ್ ಮಾಡಿದಾಗ ಚೊಕ್ಕವಾದರೆ ಫೋಕಸ್ ಕೂರುವ ತಲವೇ ಬಾಗಿದೆ, ವಿನ್ಯಾಸದ ಗುಣವದು. ಮೂರು ಚೊಕ್ಕ, ಒಂದು ಮಸುಕು ಎಂದಾದರೆ ಒಳಗಿನ ಯಾವುದೋ ಗಾಜು ವಾಲಿ ಕೂತಿರುವ ಸಾಧ್ಯತೆಯೇ ಹೆಚ್ಚು. ಜೂಮ್ ತಿರುಗಿಸಿದಂತೆ ಒಳಗಿನ ಗಾಜುಗಳು ಜಾಗ ಬದಲಿಸುವುದರಿಂದ ಜೂಮಿನ ಇನ್ನೊಂದು ತುದಿಯಾದ 35 ಮಿ.ಮೀ.ನಲ್ಲೂ ಇದನ್ನೇ ಮಾಡಬೇಕು. ಬರೀ ಎಡ ಕೆಳಮೂಲೆಗಾಗಿ ನಾನೊಂದು ಲೆನ್ಸನ್ನು ವಾಪಸ್ ಕಳಿಸಿದ್ದೇನೆ. ಬದಲಿಗೆ ಬಂದದ್ದೂ ಅದೇ ಮಾದರಿಯೇ. ನಾಲ್ಕು ಮೂಲೆಯೂ ಸಮನಾಗಿತ್ತು.