ತೂಗುಸೇತುವೆಯ ಮೇಲೆ ಕೊಟ್ಟ ಫೋನ್ ನಂಬರ್

ನನ್ನ ತಂಗಿಯ ಮಗನಿಗೆ ಇಪ್ಪತ್ತೆಂಟು. ಆ್ಯಪ್‌ನಲ್ಲಿ ಪರಿಚಯವಾದ ಹುಡುಗಿಯನ್ನು ಮೊದಲ ಸಲ ಭೇಟಿಯಾಗಬೇಕಿತ್ತು. ಹಿಂದಿನ ವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. "ಮಾಮ, ರೋಲರ್ ಕೋಸ್ಟರ್‌ಗೆ ಕರ್ಕೊಂಡು ಹೋದ್ರೆ ಹೇಗೆ?"

ಯಾಕಪ್ಪಾ ಅಂದೆ.

"ಭಯ ಆದಾಗ ಪಕ್ಕದಲ್ಲಿ ಇರೋರ ಮೇಲೆ ಲವ್ ಆಗತ್ತಂತೆ. ಸೈನ್ಸ್ ಪ್ರೂವ್ ಮಾಡಿದೆ. ರೀಲ್ಸ್‌ನಲ್ಲಿ ನೋಡ್ದೆ."

ನಗು ಬಂತು. ಆದರೆ ಪೂರ್ತಿ ಸುಳ್ಳು ಅಂತ ತಳ್ಳಿಹಾಕುವ ಹಾಗೂ ಇರಲಿಲ್ಲ. ಆ ರೀಲ್‌ನ ಹಿಂದೆ ನಿಜವಾಗಿ ನಡೆದ ಒಂದು ಪ್ರಯೋಗ ಇದೆ. ಐವತ್ತು ವರ್ಷ ಹಳೆಯದು. ಮನಶ್ಶಾಸ್ತ್ರ ಓದಿದವರೆಲ್ಲ ಒಂದಲ್ಲ ಒಂದು ಸಲ ಕೇಳಿರುವ ಕಥೆ.

ಕೆನಡಾದ ವ್ಯಾಂಕೂವರ್ ಪಕ್ಕ ಕ್ಯಾಪಿಲಾನೊ ಅನ್ನುವ ಹೊಳೆ ಇದೆ. ಅದರ ಕಮರಿಗೆ ಅಡ್ಡಲಾಗಿ ಒಂದು ತೂಗುಸೇತುವೆ. ಉದ್ದ ಸುಮಾರು 137 ಮೀಟರ್, ಅಗಲ ಬರೀ ಐದು ಅಡಿ. ಕೆಳಗೆ 70 ಮೀಟರ್ ಆಳದಲ್ಲಿ ಬಂಡೆ, ನೀರು. ಕಾಲಿಟ್ಟರೆ ಹಲಗೆ ಓಲಾಡುತ್ತದೆ. ಹಿಡಿದುಕೊಳ್ಳುವ ತಂತಿ ತೀರಾ ಕೆಳಗಿದೆ, ಆಯ ತಪ್ಪಿದರೆ ಆಚೆ ಬಿದ್ದೇ ಹೋದೆವು ಅನ್ನಿಸುತ್ತದೆ. ಸ್ವಲ್ಪ ಮೇಲೆ, ಅದೇ ಹೊಳೆಗೆ ಸೇರುವ ಒಂದು ಸಣ್ಣ ತೊರೆಗೆ ಇನ್ನೊಂದು ಸೇತುವೆ ಇತ್ತು. ದಪ್ಪ ಮರದ್ದು, ಅಗಲವಾದದ್ದು, ಅಲುಗಾಡದ್ದು, ನೀರಿನಿಂದ ಹತ್ತೇ ಅಡಿ ಎತ್ತರ.

ಡೊನಾಲ್ಡ್ ಡಟ್ಟನ್ ಮತ್ತು ಆರ್ಥರ್ ಆರನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಈ ಎರಡೂ ಸೇತುವೆಗಳ ಮೇಲೆ ಒಬ್ಬ ಯುವತಿಯನ್ನು ನಿಲ್ಲಿಸಿದರು. ಜೊತೆಯಲ್ಲಿ ಹೆಂಗಸರಿಲ್ಲದೆ ಬರುವ ಗಂಡಸರನ್ನು ಆಕೆ ಮಾತಾಡಿಸಬೇಕು. "ಕಾಲೇಜಿನ ಒಂದು ಪ್ರಾಜೆಕ್ಟ್, ಈ ಚಿತ್ರ ನೋಡಿ ಪುಟ್ಟ ಕಥೆ ಬರೆದುಕೊಡ್ತೀರಾ?" ಅಂತ ಕೇಳಬೇಕು. ಚಿತ್ರದಲ್ಲಿ ಒಬ್ಬ ಹೆಂಗಸು ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದನ್ನು ಮುಂದೆ ಚಾಚಿದ್ದಾಳೆ. ಕಥೆ ಬರೆದಾದ ಮೇಲೆ ಆಕೆ ಹಾಳೆಯ ಮೂಲೆ ಹರಿದು, ತನ್ನ ಹೆಸರು, ಫೋನ್ ನಂಬರ್ ಬರೆದುಕೊಡುತ್ತಾಳೆ. ಪ್ರಾಜೆಕ್ಟ್ ಬಗ್ಗೆ ಇನ್ನೂ ತಿಳಿಯಬೇಕಿದ್ದರೆ ಫೋನ್ ಮಾಡಿ ಅನ್ನುತ್ತಾಳೆ. ಯಾರು ಯಾವ ಸೇತುವೆಯಿಂದ ಬಂದವರು ಅಂತ ಗೊತ್ತಾಗಲು ಒಂದು ಕಡೆ ಗ್ಲೋರಿಯಾ, ಇನ್ನೊಂದು ಕಡೆ ಡೊನ್ನಾ ಅಂತ ಹೆಸರು ಹೇಳಿದ್ದಳು.

ಮರದ ಸೇತುವೆಯಲ್ಲಿ 16 ಜನ ನಂಬರ್ ತೆಗೆದುಕೊಂಡರು. ಫೋನ್ ಮಾಡಿದ್ದು ಇಬ್ಬರು. ತೂಗುಸೇತುವೆಯಲ್ಲಿ ತೆಗೆದುಕೊಂಡದ್ದು 18 ಜನ, ಫೋನ್ ಮಾಡಿದ್ದು ಒಂಬತ್ತು. ಬರೆದ ಕಥೆಗಳಲ್ಲೂ ತೂಗುಸೇತುವೆಯವರದ್ದು ಹೆಚ್ಚು ಶೃಂಗಾರಮಯ. ಪ್ರಶ್ನೆ ಕೇಳಿದ್ದು ಗಂಡಸಾದಾಗ ಎರಡು ಸೇತುವೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಅಚ್ಚಾದದ್ದು 1974ರಲ್ಲಿ.

ಇಲ್ಲಿ ಒಂದು ಅನುಮಾನ ಬರಬೇಕು. ಓಲಾಡುವ ಸೇತುವೆ ದಾಟುವವನು ಮೊದಲೇ ಸ್ವಲ್ಪ ಧೈರ್ಯದ ಆಸಾಮಿ ಇರಬಹುದಲ್ವಾ? ಅಂಥವನು ಹುಡುಗಿಗೂ ಧೈರ್ಯವಾಗಿ ಫೋನ್ ಮಾಡಿರಬಹುದು. ಸಂಶೋಧಕರಿಗೂ ಅದು ಹೊಳೆಯಿತು. ಹಾಗಾಗಿ ಮುಂದಿನ ಸಲ ತೂಗುಸೇತುವೆ ದಾಟಿದವರನ್ನು ಮಾತ್ರ ತೆಗೆದುಕೊಂಡರು. ಕೆಲವರನ್ನು ಸೇತುವೆಯ ಮೇಲೆಯೇ ಮಾತಾಡಿಸಿದರು. ಇನ್ನು ಕೆಲವರನ್ನು ದಾಟಿ ಹತ್ತು ನಿಮಿಷವಾದ ಮೇಲೆ, ಪಾರ್ಕಿನಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ. ಸೇತುವೆಯ ಮೇಲಿದ್ದವರೇ ಮತ್ತೆ ಜಾಸ್ತಿ ಫೋನ್ ಮಾಡಿದರು.

ಹೆದರಿಕೆಯಾದಾಗ ಅಡ್ರಿನಲಿನ್ ಏರುತ್ತದೆ. ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುತ್ತದೆ. ಇಷ್ಟವಾದವರು ಎದುರಿಗೆ ಬಂದಾಗಲೂ ಹೆಚ್ಚುಕಮ್ಮಿ ಇದೇ. ದೇಹ ಕಾರಣದ ಚೀಟಿ ಅಂಟಿಸಿ ಕಳಿಸುವುದಿಲ್ಲ. ಮನಸ್ಸು ಸುತ್ತ ನೋಡಿ, "ಓ, ಇದಕ್ಕೇ ಇರಬೇಕು" ಅಂತ ಊಹೆ ಮಾಡುತ್ತದೆ. ಕಣ್ಣೆದುರು ಸೇತುವೆಯೂ ಇದೆ, ನಗುತ್ತಾ ನಿಂತ ಹುಡುಗಿಯೂ ಇದ್ದಾಳೆ. ಲೆಕ್ಕದಲ್ಲಿ ಸ್ವಲ್ಪ ಅವಳ ಖಾತೆಗೆ ಬೀಳುತ್ತದೆ. (ನಮ್ಮ ಸುಳ್ಯದ ಕಡೆ ಮಕ್ಕಳು ಸ್ಕೂಲ್ ಬ್ಯಾಗ್ ಹಾಕಿಕೊಂಡು ತೂಗುಸೇತುವೆ ದಾಟುತ್ತವೆ. ಅವರ ಮೇಲೆ ಈ ಪ್ರಯೋಗ ಮಾಡಿದ್ದರೆ ಯಾರ ಎದೆಯೂ ಬಡಿದುಕೊಳ್ಳುತ್ತಿರಲಿಲ್ಲ.)

ರೀಲ್ ಇಲ್ಲಿಗೆ ಮುಗಿಯುತ್ತದೆ. ವಿಷಯ ಮುಗಿಯುವುದಿಲ್ಲ. 1981ರಲ್ಲಿ ಗ್ರೆಗರಿ ವೈಟ್ ಮತ್ತು ಜೊತೆಗಾರರು ಹುಡುಗರನ್ನು ನಿಂತಲ್ಲೇ ಓಡಿಸಿದರು. ಕೆಲವರಿಗೆ 15 ಸೆಕೆಂಡ್, ಕೆಲವರಿಗೆ ಎರಡು ನಿಮಿಷ. ಆಮೇಲೆ ಒಬ್ಬ ಹುಡುಗಿಯ ವಿಡಿಯೊ ತೋರಿಸಿದರು. ಹುಡುಗಿ ಒಬ್ಬಳೇ, ಆದರೆ ಒಂದು ವಿಡಿಯೊದಲ್ಲಿ ಚೆನ್ನಾಗಿ ಸಿಂಗರಿಸಿಕೊಂಡಿದ್ದಾಳೆ, ಇನ್ನೊಂದರಲ್ಲಿ ಬೇಕೆಂದೇ ಸಪ್ಪೆಯಾಗಿ ಕಾಣುವ ಹಾಗೆ ಮೇಕಪ್ ಮಾಡಿದ್ದಾರೆ. ಜಾಸ್ತಿ ಓಡಿ ಏದುಸಿರು ಬಿಡುತ್ತಿದ್ದವರಿಗೆ ಚೆಂದದ ಹುಡುಗಿ ಇನ್ನೂ ಇಷ್ಟವಾದಳು. ಸಪ್ಪೆ ಹುಡುಗಿ ಇನ್ನೂ ಕಡಿಮೆ ಇಷ್ಟವಾದಳು! ಅಂದರೆ ಡವಡವ ಅನ್ನುವ ಎದೆ ಪ್ರೀತಿಯನ್ನು ಹುಟ್ಟಿಸುವುದಿಲ್ಲ. ರೇಡಿಯೊದ ವಾಲ್ಯೂಮ್ ತಿರುಪಿದ ಹಾಗೆ, ಯಾವ ಹಾಡು ಬರುತ್ತಿದೆಯೋ ಅದೇ ಜೋರಾಗುತ್ತದೆ. ನಮ್ಮ ಹುಡುಗ ಅವಳಿಗೆ ಇಷ್ಟವಾಗದಿದ್ದರೆ ರೋಲರ್ ಕೋಸ್ಟರ್ ಅದನ್ನೂ ಜೋರಾಗಿಯೇ ಹೇಳೀತು.

ರೋಲರ್ ಕೋಸ್ಟರ್ ಮೇಲೇ ಒಂದು ಅಧ್ಯಯನ ಇದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. 2003ರಲ್ಲಿ ಟೆಕ್ಸಸ್‌ನ ಸಿಂಡಿ ಮೆಸ್ಟನ್ ಮತ್ತು ಪೆನ್ನಿ ಫ್ರೋಲಿಕ್ ಅಮ್ಯೂಸ್‌ಮೆಂಟ್ ಪಾರ್ಕುಗಳಲ್ಲಿ ನಿಂತು ಮಾಡಿದ್ದು. ಕ್ಯೂನಲ್ಲಿ ಕಾಯುತ್ತಿದ್ದವರಿಗೆ ಮತ್ತು ಆಗತಾನೇ ಇಳಿದವರಿಗೆ ಅಪರಿಚಿತರ ಒಂದು ಫೋಟೊ ತೋರಿಸಿ, ಎಷ್ಟು ಆಕರ್ಷಕ, ಡೇಟಿಗೆ ಹೋಗ್ತೀರಾ ಅಂತ ಕೇಳಿದರು. ಸ್ನೇಹಿತರ ಜೊತೆ ಸವಾರಿ ಮಾಡಿ ಇಳಿದವರು ಫೋಟೊಗೆ ಜಾಸ್ತಿ ಅಂಕ ಕೊಟ್ಟರು. ಪ್ರೇಮಿಯ ಜೊತೆ ಬಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗಮನಿಸಿ, ಅಂಕ ಹೋಗಿದ್ದು ಫೋಟೊದಲ್ಲಿದ್ದ ಮೂರನೆಯವರಿಗೆ. ನೀವು ದುಡ್ಡು ಕೊಟ್ಟು ಟಿಕೆಟ್ ತೆಗೆಸಿ, ಲಾಭ ದಾರಿಯಲ್ಲಿ ಹೋಗುವವನಿಗೆ ಆದರೆ?

ಎರಡನೇ ಉಪಾಯವೂ ಅವನ ಹತ್ತಿರ ರೆಡಿ ಇತ್ತು. ಅವಳ ಮೆಸೇಜಿಗೆ ಮೂರು ಗಂಟೆ ಬಿಟ್ಟು ರಿಪ್ಲೈ ಮಾಡಬೇಕಂತೆ. ಸುಲಭವಾಗಿ ಸಿಕ್ಕಿದರೆ ಬೆಲೆ ಇಲ್ಲವಂತೆ. ಬೇಕಂತಲೇ ಬಿಂಕ ತೋರಿಸುವುದು. ಇದು ರೀಲ್ಸಿಗಿಂತ ತುಂಬಾ ಹಳೆಯ ಬುದ್ಧಿವಾದ, ನಮ್ಮಜ್ಜಿಯ ಕಾಲದ್ದು. ಎಲೇನ್ ವಾಲ್‌ಸ್ಟರ್ ಅನ್ನುವ ಅಮೆರಿಕದ ಸಂಶೋಧಕಿಗೂ ಇದು ನಿಜವೇ ಇರಬೇಕು ಅನ್ನಿಸಿತ್ತು. ಒಂದಾದ ಮೇಲೊಂದು ಐದು ಪ್ರಯೋಗ ಮಾಡಿದರು. ಐದೂ ಕೈಕೊಟ್ಟವು. ಅಷ್ಟಕ್ಕೇ ಬಿಡದೆ ಆರನೆಯದನ್ನು ಮಾಡಿ 1973ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಸೋತ ಐದನ್ನೂ ಸೇರಿಸಿ! ನನಗೆ ಆ ಪ್ರಬಂಧ ಇಷ್ಟವಾಗಲು ಅದೇ ದೊಡ್ಡ ಕಾರಣ.

ಆರನೆಯದರಲ್ಲಿ ಹುಡುಗರ ಮುಂದೆ ಐದು ಹುಡುಗಿಯರ ಫೈಲ್ ಇಟ್ಟರು. ಒಬ್ಬಳ ಫೈಲಿನಲ್ಲಿ, ಆಕೆಗೆ ತೋರಿಸಿದ ಹುಡುಗರ್ಯಾರೂ ಆಕೆಗೆ ಅಷ್ಟೇನೂ ಹಿಡಿಸಿಲ್ಲ ಅಂತಿತ್ತು. ಇನ್ನೊಬ್ಬಳಿಗೆ ಎಲ್ಲರೂ ಹಿಡಿಸಿದ್ದಾರೆ. ಮತ್ತೊಬ್ಬಳಿಗೆ ಉಳಿದವರು ಸಾಧಾರಣ, ಆದರೆ ಫೈಲ್ ಓದುತ್ತಿರುವ ಈ ಹುಡುಗ ಮಾತ್ರ ತುಂಬಾ ಇಷ್ಟವಾಗಿದ್ದಾನೆ. ಮಿಕ್ಕ ಇಬ್ಬರ ಬಗ್ಗೆ ಇಂಥ ಮಾಹಿತಿಯೇ ಇಲ್ಲ. ಹೆಚ್ಚಿನ ಹುಡುಗರು ಆರಿಸಿದ್ದು ಆ "ನೀನು ಮಾತ್ರ" ಹುಡುಗಿಯನ್ನು. ಯಾರನ್ನೂ ಹತ್ತಿರ ಸೇರಿಸದವಳು ಅವರಿಗೆ ಜಂಭದವಳಾಗಿ ಕಂಡಳು. ಎಲ್ಲರಿಗೂ ಹೂಂ ಅನ್ನುವವಳ ಹೂಂಗೆ ತೂಕ ಇರಲಿಲ್ಲ.

2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ 47 ಹುಡುಗಿಯರ ಮೇಲೆ ನಡೆದ ಪ್ರಯೋಗವೊಂದು ಬೇರೆ ಮಾತು ಹೇಳಿತು. ಈ ಹುಡುಗನಿಗೆ ನೀನು ಇಷ್ಟವೋ ಇಲ್ಲವೋ ಹೇಳಲಾಗದು ಅಂತ ತಿಳಿಸಿದಾಗಲೇ ಅವರಿಗೆ ಆ ಹುಡುಗ ಹೆಚ್ಚು ಇಷ್ಟವಾಗಿದ್ದ, ಅವನ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು. ಆದರೆ 2018ರಲ್ಲಿ ಇಸ್ರೇಲಿನ ಗುರಿತ್ ಬಿರ್ನ್‌ಬಾಮ್ ಮತ್ತು ಅಮೆರಿಕದ ಹ್ಯಾರಿ ರೀಸ್ ಅವರ ತಂಡಕ್ಕೆ ಉಲ್ಟಾ ಫಲಿತಾಂಶ ಸಿಕ್ಕಿತು. ಆ ಕಡೆಯವರಿಗೆ ನನ್ನ ಮೇಲೆ ಆಸಕ್ತಿ ಇದೆ ಅಂತ ಖಚಿತವಾದಾಗ ಆಕರ್ಷಣೆ ಹೆಚ್ಚಾಯಿತು. ನನಗನ್ನಿಸುವುದು ಇಷ್ಟು. ಅನಿಶ್ಚಿತತೆ ತಲೆಯಲ್ಲಿ ಜಾಗ ಹಿಡಿಯುತ್ತದೆ, ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ. ನಾಲಿಗೆ ಅಲ್ಲಿಗೇ ಹೋಗುತ್ತದೆ. ಹಾಗಂತ ಆ ಚೂರಿನ ಮೇಲೆ ಯಾರಿಗೂ ಪ್ರೀತಿ ಇರುವುದಿಲ್ಲ.

ಸೇತುವೆಯ ಕಥೆಯಲ್ಲಿ ಬಂದ ಆರ್ಥರ್ ಆರನ್ ಅವರನ್ನು ಮರೆತಿಲ್ಲ ತಾನೆ? ಅವರು ಸೇತುವೆ ಇಳಿದು ಕುರ್ಚಿಗೆ ಬಂದರು. 1997ರಲ್ಲಿ ಹೆಂಡತಿ ಎಲೇನ್ ಮತ್ತು ಬೇರೆ ಸಹೋದ್ಯೋಗಿಗಳ ಜೊತೆ ಸೇರಿ 36 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ಪರಿಚಯವಿಲ್ಲದ ಇಬ್ಬರು ಎದುರುಬದುರು ಕೂತು 45 ನಿಮಿಷ ಒಬ್ಬರಾದ ಮೇಲೊಬ್ಬರು ಉತ್ತರಿಸಬೇಕು. ಶುರುವಿನ ಪ್ರಶ್ನೆಗಳು ಹಗುರ. ಫೋನ್ ಮಾಡುವ ಮುಂಚೆ ಏನು ಮಾತಾಡಬೇಕು ಅಂತ ಮನಸ್ಸಲ್ಲೇ ಅಭ್ಯಾಸ ಮಾಡ್ತೀರಾ? ಆಮೇಲೆ ಮೆಲ್ಲಗೆ ಆಳಕ್ಕೆ ಇಳಿಯುತ್ತವೆ. ಇನ್ನೊಬ್ಬರ ಎದುರು ಕೊನೆಯ ಸಲ ಅತ್ತದ್ದು ಯಾವಾಗ?

ಪ್ರೇಮ ಹುಟ್ಟಿಸುವ ಮಂತ್ರ ಅಂತ ಈ ಪಟ್ಟಿ ಈಗ ಊರೆಲ್ಲ ಓಡಾಡುತ್ತಿದೆ. ಮಾಡಿದ್ದು ಅದಕ್ಕಲ್ಲ. ಲ್ಯಾಬಿನಲ್ಲಿ ಆತ್ಮೀಯತೆಯನ್ನು ಅಧ್ಯಯನ ಮಾಡಬೇಕಾದರೆ ಮೊದಲು ಅದು ಅಲ್ಲಿ ಇರಬೇಕಲ್ಲ, ಅದಕ್ಕೆ. ಅಳೆಯುವ ಸಾಧನವೂ ಸರಳ. ಕಾಗದದ ಮೇಲೆ ಏಳು ಜೋಡಿ ವೃತ್ತಗಳು. ಮೊದಲ ಜೋಡಿಯಲ್ಲಿ ಎರಡೂ ಬರೀ ತಾಗಿಕೊಂಡಿವೆ. ಕೊನೆಯದರಲ್ಲಿ ಬಹುತೇಕ ಒಂದರೊಳಗೊಂದು. ನೀವಿಬ್ಬರೂ ಯಾವ ಜೋಡಿಯ ಹಾಗಿದ್ದೀರಿ, ಗುರುತು ಹಾಕಿ. ಸುಮ್ನೆ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಈ ಪ್ರಶ್ನೆ ಕೇಳಿಕೊಂಡವರು ಹೆಚ್ಚು ಹತ್ತಿರವಾಗಿದ್ದರು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ದೊಡ್ಡವರು "ಹೋಗಿ, ಟೆರೇಸ್ ಮೇಲೆ ಮಾತಾಡ್ಕೊಂಡು ಬನ್ನಿ" ಅಂತ ಕಳಿಸುತ್ತಾರಲ್ಲ, ಅಲ್ಲಿ ಆಗುವುದು ಲೋಕಾಭಿರಾಮವೇ. ಏನು ಓದಿದ್ದು, ಯಾವ ಕಂಪನಿ, ಹಾಬಿ ಏನು. ಬಯೋಡೇಟಾದಲ್ಲಿ ಇರುವುದನ್ನೇ ಬಾಯಲ್ಲಿ ಇನ್ನೊಂದು ಸಲ ಓದಿ ಇಳಿದು ಬರುತ್ತಾರೆ. ನಾನೂ ಹಾಗೇ ಓದಿ ಬಂದವನು. ಉಪ್ಪಿಟ್ಟು ಮಾತ್ರ ಚೆನ್ನಾಗಿ ನೆನಪಿದೆ.

ಪಟ್ಟಿಯ ಜೀವ ಪ್ರಶ್ನೆಗಳಲ್ಲಿ ಇಲ್ಲ, ಸರದಿಯಲ್ಲಿದೆ ಅಂತ ನನ್ನ ಲೆಕ್ಕ. ಸೂಸನ್ ಸ್ಪ್ರೆಚರ್ ಮತ್ತು ಜೊತೆಗಾರರು 2013ರಲ್ಲಿ ಇದನ್ನೇ ಬಿಡಿಸಿ ನೋಡಿದರು. ಕೆಲವು ಜೋಡಿಗಳಲ್ಲಿ ಇಬ್ಬರೂ ಸರದಿಯ ಮೇಲೆ ತಮ್ಮ ವಿಷಯ ಹೇಳಿಕೊಂಡರು. ಇನ್ನು ಕೆಲವರಲ್ಲಿ ಒಬ್ಬರು ಹೇಳುತ್ತಲೇ ಇದ್ದರು, ಇನ್ನೊಬ್ಬರು ಕೇಳುತ್ತಲೇ ಇದ್ದರು. ಸರದಿಯಲ್ಲಿ ಮಾತಾಡಿದವರಿಗೆ ಒಬ್ಬರಿಗೊಬ್ಬರು ಹೆಚ್ಚು ಇಷ್ಟವಾದರು.

ಮಾತಿಗೆ ಸಿಗುವ ಉತ್ತರ ಹೇಗಿರಬೇಕು ಅನ್ನುವುದಕ್ಕೆ ಶೆಲ್ಲಿ ಗೇಬಲ್ ಅವರ ಕೆಲಸ ನೋಡಬೇಕು. ಕಷ್ಟ ಹೇಳಿಕೊಂಡಾಗ ಸಮಾಧಾನ ಮಾಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಗೇಬಲ್ ಒಳ್ಳೆಯ ಸುದ್ದಿ ಹೇಳಿದಾಗ ಏನಾಗುತ್ತದೆ ಅಂತ ನೋಡಿದರು. "ಪ್ರಮೋಷನ್ ಸಿಕ್ತು" ಅಂದಳು ಅಂದುಕೊಳ್ಳಿ. ಒಬ್ಬ ಫೋನ್ ನೋಡುತ್ತಲೇ "ಒಳ್ಳೇದಾಯ್ತು" ಅನ್ನುತ್ತಾನೆ. ಇನ್ನೊಬ್ಬ "ಇನ್ಮೇಲೆ ಮನೆಗೆ ಬರೋದು ರಾತ್ರಿ ಹತ್ತು ಗಂಟೆ" ಅನ್ನುತ್ತಾನೆ. ಮತ್ತೊಬ್ಬ "ನಮ್ಮ ಆಫೀಸಲ್ಲಿ ಇವತ್ತು ಏನಾಯ್ತು ಗೊತ್ತಾ?" ಅಂತ ತನ್ನ ಪುರಾಣ ತೆಗೆಯುತ್ತಾನೆ. ನಾಲ್ಕನೆಯವನು "ಹೌದಾ! ಯಾವಾಗ ಹೇಳಿದ್ರು? ಮನೇಲಿ ಫಸ್ಟ್ ಯಾರಿಗೆ ಹೇಳ್ದೆ?" ಅಂತ ಕೇಳುತ್ತಾನೆ. ಅವಳು ಆ ಕ್ಷಣವನ್ನು ಇನ್ನೊಂದು ಸಲ ಅನುಭವಿಸುತ್ತಾಳೆ, ಈ ಸಲ ಅವನ ಜೊತೆ. ಜೋಡಿಗಳನ್ನು ಲ್ಯಾಬಿಗೆ ಕರೆಸಿ ಮಾತಾಡಿಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡಿತು. ಸಂಬಂಧ ಎಷ್ಟು ಚೆನ್ನಾಗಿದೆ, ಮುಂದೆ ಮುರಿಯುತ್ತದೋ ಉಳಿಯುತ್ತದೋ ಅನ್ನುವುದಕ್ಕೆ ಕಷ್ಟದ ಮಾತಿಗೆ ಬಂದ ಉತ್ತರಕ್ಕಿಂತ ಸಂತೋಷದ ಮಾತಿಗೆ ಬಂದ ಉತ್ತರವೇ ಹೆಚ್ಚು ಸುಳಿವು ಕೊಟ್ಟಿತು.

ಇದನ್ನೂ ಉಪಾಯದ ಥರ ಬಳಸಬಹುದೇ ಅಂದರೆ, ಸ್ವಲ್ಪ ಹೊತ್ತು ಬಳಸಬಹುದು. "ಮನೇಲಿ ಯಾರಿಗೆ ಹೇಳ್ದೆ" ಅಂತ ಕೇಳಿ, ಉತ್ತರ ಬರುವಾಗ ಮುಂದಿನ ಪ್ರಶ್ನೆ ಯೋಚಿಸುತ್ತಾ ಕೂತರೆ ಎರಡನೇ ಕಾಫಿಯಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ನಾನು ಹುಡುಗನಿಗೆ ಹೇಳಲಿಲ್ಲ. ಹತ್ತೂವರೆ ಆಗಿತ್ತು. ರೋಲರ್ ಕೋಸ್ಟರ್ ಬೇಡ, ಬಸವನಗುಡಿ ಕಡೆ ಎಲ್ಲಾದರೂ ಕೂತು ಕಾಫಿ ಕುಡೀರಿ, ಅವಳನ್ನ ಮಾತಾಡಿಸು ಅಂದೆ ಅಷ್ಟೆ.

ಭಾನುವಾರ ಸಂಜೆ ಫೋನ್ ಬಂತು. ಧ್ವನಿ ಸಪ್ಪಗಿತ್ತು. "ಮಾಮ, ಅವಳು ತೀರ್ಥಹಳ್ಳಿಯ ಅಜ್ಜಿ ಮನೆ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ಲು. ನನ್ನ ಬಗ್ಗೆ ಒಂದೂ ಹೇಳೋಕಾಗ್ಲಿಲ್ಲ. ಬೋರ್ ಹೊಡಿಸ್ದೆ ಅನ್ಸತ್ತೆ."

ಸರದಿಯ ವಿಷಯ ಹೇಳದೆ ಬಿಟ್ಟದ್ದು ನನ್ನ ತಪ್ಪು. ಆದರೆ ಸಮಾಧಾನಕ್ಕೆ ಒಂದು ಸಂಶೋಧನೆ ಕೈಯಲ್ಲಿತ್ತು. 2018ರಲ್ಲಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ಅಪರಿಚಿತರನ್ನು ಮಾತಾಡಲು ಬಿಟ್ಟು, ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರು. ಅವರು ನಿಮಗೆ ಎಷ್ಟು ಇಷ್ಟವಾದರು? ನೀವು ಅವರಿಗೆ ಎಷ್ಟು ಇಷ್ಟವಾಗಿರಬಹುದು? ಜನ ಎದುರಿನವರಿಗೆ ತಾವು ಇಷ್ಟವಾಗಿರುವುದನ್ನು ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡಿದ್ದರು. ಹಾಸ್ಟೆಲಿನಲ್ಲಿ ಒಟ್ಟಿಗಿದ್ದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಹಾಗೇ ಉಳಿದಿತ್ತು. ಮಾತು ಮುಗಿದ ಮೇಲೆ ನಾವು ಮೆಲುಕು ಹಾಕುವುದು ನಮ್ಮ ಎಡವಟ್ಟುಗಳನ್ನು. ಎದುರಿನವರಿಗೆ ಅವು ಕಂಡೇ ಇರುವುದಿಲ್ಲ, ಅವರು ತಮ್ಮ ಎಡವಟ್ಟು ನೆನೆಯುತ್ತಾ ಮನೆಗೆ ಹೋಗಿರುತ್ತಾರೆ.

ಇದನ್ನು ಹೇಳುತ್ತಿದ್ದೆ. ಅರ್ಧದಲ್ಲೇ "ಒಂದ್ನಿಮಿಷ ಮಾಮ, ಅವಳದ್ದೇ ಮೆಸೇಜ್" ಅಂದ. ಏನಂತೆ ಅಂದೆ.

"'ಇವತ್ತು ನಾನೊಬ್ಳೇ ಮಾತಾಡಿಬಿಟ್ಟೆ, ಸಾರಿ' ಅಂತೆ."

ಫೋನ್ ಇಟ್ಟುಬಿಟ್ಟ. ಮೂರು ಗಂಟೆ ಕಾದಿರಲಿಕ್ಕಿಲ್ಲ ಅಂದುಕೊಂಡಿದ್ದೇನೆ.