ಟೆಸ್ಟೋಸ್ಟೆರಾನ್ ಇಳಿದಾಗ ತೂಕದ ಯಂತ್ರಕ್ಕೆ ಕಾಣದ ನಷ್ಟ

ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ, ಅಂದರೆ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ಪಡೆಯುತ್ತಿರುವವರು ನನ್ನ ಬಳಿ ಬಂದಾಗ, ಅವರು ಕುರ್ಚಿಯಿಂದ ಹೇಗೆ ಏಳುತ್ತಾರೆ ಎಂಬುದನ್ನೇ ನಾನು ಮೊದಲು ನೋಡುತ್ತೇನೆ. ಎಂಟು ತಿಂಗಳಿಂದ ಚುಚ್ಚುಮದ್ದು ಪಡೆಯುತ್ತಿದ್ದ ಹಿರಿಯರೊಬ್ಬರು, "ಡಾಕ್ಟ್ರೇ, ತೂಕ ಒಂದು ಕಿಲೋ ಕೂಡ ಇಳಿದಿಲ್ಲ, ಊಟವೂ ಸೇರುತ್ತದೆ, ಆದರೆ ಮೆಟ್ಟಿಲು ಹತ್ತುವಾಗ ಕಾಲು ಮಾತು ಕೇಳುವುದಿಲ್ಲ" ಎಂದರು. ಅವರು ಎರಡೂ ಕೈಗಳನ್ನು ಕುರ್ಚಿಗೆ ಊರಿಯೇ ಎದ್ದದ್ದನ್ನು ನಾನು ಆಗಲೇ ಗಮನಿಸಿದ್ದೆ. ತೂಕ ಇಳಿದಿಲ್ಲವೆಂಬ ಸಮಾಧಾನವೇ ಇಂಥವರಲ್ಲಿ ರೋಗಿಯನ್ನೂ ವೈದ್ಯರನ್ನೂ ದಾರಿ ತಪ್ಪಿಸುತ್ತದೆ.

ಟೆಸ್ಟೋಸ್ಟೆರಾನ್ ಪೂರೈಕೆ ನಿಂತರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಹಿಮ್ಮೆಟ್ಟುತ್ತದೆ ಎಂಬುದನ್ನು ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ 1941ರಲ್ಲಿ ತೋರಿಸಿಕೊಟ್ಟರು. ಈ ಕೆಲಸಕ್ಕಾಗಿ ಹಗ್ಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಂತು. ಅಂದು ವೃಷಣಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಆಗುತ್ತಿದ್ದುದನ್ನು ಇಂದು ಲ್ಯುಪ್ರೊಲೈಡ್, ಗೊಸೆರೆಲಿನ್, ಡೆಗರೆಲಿಕ್ಸ್‌ನಂಥ ಔಷಧಗಳು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ವೃಷಣಗಳಿಗೆ ಹೋಗುವ ಸಂದೇಶವನ್ನು ತಡೆದು ಸಾಧಿಸುತ್ತವೆ. ವಯಸ್ಕ ಪುರುಷರಲ್ಲಿ ಸಾಮಾನ್ಯವಾಗಿ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಸುಮಾರು 300ರಿಂದ 1000 ನ್ಯಾನೋಗ್ರಾಂ ಇರುವ ಈ ಹಾರ್ಮೋನು, ಕೆಲವೇ ವಾರಗಳಲ್ಲಿ 50ಕ್ಕಿಂತ ಕೆಳಗೆ ಇಳಿಯುತ್ತದೆ. ವಯಸ್ಸಾದಂತೆ ಆಗುವ ನಿಧಾನದ ಇಳಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಸ್ನಾಯುಕೋಶದೊಳಗೆ ಹಾರ್ಮೋನನ್ನು ಗುರುತಿಸಿ ಹಿಡಿಯುವ ಗ್ರಾಹಕಗಳಿಗೆ (ರಿಸೆಪ್ಟರ್) ಟೆಸ್ಟೋಸ್ಟೆರಾನ್ ಅಂಟಿಕೊಂಡಾಗ ಪ್ರೋಟೀನ್ ಕಟ್ಟುವ ಕೆಲಸ ಚುರುಕಾಗುತ್ತದೆ. ಸ್ನಾಯುವಿನ ದುರಸ್ತಿಗೆಂದು ಪಕ್ಕದಲ್ಲೇ ಕಾದಿರುವ ಸ್ಯಾಟಲೈಟ್ ಕೋಶಗಳು ಕೂಡ ಎಚ್ಚರಗೊಳ್ಳುತ್ತವೆ. ಸ್ನಾಯು ದಿನವೂ ಸ್ವಲ್ಪ ಕರಗಿ ಸ್ವಲ್ಪ ಕಟ್ಟಿಕೊಳ್ಳುವ ಅಂಗ. ಹಾರ್ಮೋನು ಇಳಿದಾಗ ಕಟ್ಟುವ ಕೆಲಸ ಕರಗುವುದಕ್ಕೆ ಸಮನಾಗಿ ನಡೆಯುವುದಿಲ್ಲ. ಹೀಗೆ ಚಿಕಿತ್ಸೆಯ ಮೊದಲ ವರ್ಷದಲ್ಲಿ ಕೊಬ್ಬುರಹಿತ ದೇಹದ್ರವ್ಯ ಸುಮಾರು ಶೇ 2ರಿಂದ 4ರಷ್ಟು ಕಡಿಮೆಯಾದರೆ, ಕೊಬ್ಬು ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೋದದ್ದರ ಜಾಗವನ್ನು ಬಂದದ್ದು ತುಂಬುವುದರಿಂದ ತೂಕದ ಯಂತ್ರದ ಮುಳ್ಳು ಅಲ್ಲಾಡುವುದಿಲ್ಲ, ಕೆಲವೊಮ್ಮೆ ಏರುವುದೂ ಉಂಟು.

ಆದರೆ ಸ್ನಾಯು ಕರಗಿದಷ್ಟೇ ಬಲವೂ ಕುಂದುತ್ತದೆ ಎಂದು ಲೆಕ್ಕ ಹಾಕುವುದು ಸರಿಯಲ್ಲ. ಆರೋಗ್ಯವಂತ ಯುವಕರ ಸ್ವಂತ ಟೆಸ್ಟೋಸ್ಟೆರಾನನ್ನು ಔಷಧದಿಂದ ತಗ್ಗಿಸಿ, ಐದು ಬೇರೆ ಬೇರೆ ಪ್ರಮಾಣಗಳಲ್ಲಿ ಹೊರಗಿನಿಂದ ಕೊಟ್ಟು 20 ವಾರ ಗಮನಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ನಾಯುವಿನ ಗಾತ್ರ ಮತ್ತು ಕಾಲಿನಿಂದ ಭಾರ ತಳ್ಳುವ ಬಲ ಹಾರ್ಮೋನಿನ ಪ್ರಮಾಣವನ್ನು ಅನುಸರಿಸಿದವು, ಆದರೆ ಸ್ನಾಯು ಬೇಗ ದಣಿಯುವ ಗುಣಕ್ಕೆ ಅಂಥ ನಂಟು ಕಾಣಲಿಲ್ಲ. ಟೆಸ್ಟೋಸ್ಟೆರಾನ್ ತಗ್ಗಿಸಿಕೊಂಡ ಟ್ರಾನ್ಸ್ ಮಹಿಳೆಯರಲ್ಲೂ ಒಂದು ವರ್ಷದ ಬಳಿಕ ಸ್ನಾಯು ಸುಮಾರು ಶೇ 5ರಷ್ಟು ಕುಗ್ಗಿದರೂ ಬಲದ ಇಳಿಕೆ ಅಲ್ಪವೇ ಆಗಿತ್ತು. ಬಲವೆಂಬುದು ನರಗಳ ಅಭ್ಯಾಸವನ್ನೂ ಹಿಂದೆ ಗಳಿಸಿದ ಸ್ನಾಯುವನ್ನೂ ನೆಚ್ಚಿಕೊಂಡಿರುವುದೇ ಇದಕ್ಕೆ ಕಾರಣವಿರಬೇಕು. ಇವೆಲ್ಲ ಬಹುಮಟ್ಟಿಗೆ ಎಳೆಯ ವಯಸ್ಸಿನವರ ಅನುಭವ ಎಂಬುದನ್ನು ಮಾತ್ರ ಮರೆಯಬಾರದು. ಎಪ್ಪತ್ತರ ಆಸುಪಾಸಿನವರ ತೊಡೆಯಲ್ಲಿ ಉಳಿತಾಯವೇ ಕಡಿಮೆ. ಯುವಕನ ಅರಿವಿಗೂ ಬಾರದಷ್ಟು ನಷ್ಟ ಅವರನ್ನು ಕೈ ಊರದೆ ಏಳಲಾಗದ ಸ್ಥಿತಿಗೆ ತಂದುಬಿಡಬಲ್ಲದು.

ದಮ್ಮಿನ ವಿಷಯವೇ ಬೇರೆ. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳ ಉತ್ಪಾದನೆಗೂ ಪ್ರಚೋದನೆ ಕೊಡುತ್ತದೆ. ಅದು ಇಳಿದ ಮೂರು ನಾಲ್ಕು ತಿಂಗಳಲ್ಲೇ ಹಿಮೋಗ್ಲೋಬಿನ್ ಒಂದು ಗ್ರಾಂ ಅಥವಾ ಅದಕ್ಕೂ ಹೆಚ್ಚು ತಗ್ಗುವುದು ಸಾಮಾನ್ಯ. ಆದ್ದರಿಂದ ಸ್ನಾಯು ಕರಗುವ ಮೊದಲೇ ಏದುಸಿರು ಕಾಣಿಸಿಕೊಳ್ಳಬಹುದು. ಕಬ್ಬಿಣದ ಕೊರತೆ ಪರೀಕ್ಷೆಯಲ್ಲಿ ಖಚಿತವಾಗದೆ ಕಬ್ಬಿಣದ ಮಾತ್ರೆ ನುಂಗುವುದರಿಂದ ಇದು ಸರಿಹೋಗುವುದಿಲ್ಲ.

ಹಾರ್ಮೋನೇ ಇಲ್ಲದಿರುವಾಗ ವ್ಯಾಯಾಮದಿಂದ ಏನು ಪ್ರಯೋಜನ ಎಂದು ಹಲವರು ಕೇಳುತ್ತಾರೆ. ಫಲ ಕುಗ್ಗುತ್ತದೆ, ಇಲ್ಲವಾಗುವುದಿಲ್ಲ. ಈ ಚಿಕಿತ್ಸೆಯಲ್ಲಿರುವ ಹಿರಿಯರಿಗೆ 12 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ ಬಲ ಹೆಚ್ಚಿದ್ದೂ ಆಯಾಸ ತಗ್ಗಿದ್ದೂ ಒಂದಕ್ಕಿಂತ ಹೆಚ್ಚು ಪ್ರಯೋಗಗಳಲ್ಲಿ ಕಂಡುಬಂದಿದೆ. ನಡಿಗೆ ಹೃದಯಕ್ಕೆ ಒಳ್ಳೆಯದಾದರೂ ತೊಡೆಯ ಬಲವನ್ನು ಅದೊಂದೇ ಉಳಿಸಲಾರದು. ಎಂಟರಿಂದ ಹನ್ನೆರಡು ಸಲ ಎತ್ತುವಷ್ಟರಲ್ಲಿ ಸ್ನಾಯು ದಣಿಯುವಂಥ ಭಾರದಿಂದ, ವಾರಕ್ಕೆ ಎರಡು ಮೂರು ದಿನ, ಕಾಲು, ಸೊಂಟ, ಬೆನ್ನಿಗೆ ಕೆಲಸ ಕೊಡಬೇಕು ಎಂದು ನಾನು ಹೇಳುತ್ತೇನೆ. ಕ್ಯಾನ್ಸರ್ ಮೂಳೆಗೆ ಹರಡಿದ್ದರೆ ಆ ಭಾಗಕ್ಕೆ ಭಾರ ಬೀಳದಂತೆ ಫಿಸಿಯೋಥೆರಪಿಸ್ಟ್ ಕಣ್ಣೆದುರಲ್ಲೇ ಅಭ್ಯಾಸ ನಡೆಯಬೇಕು, ಏಕೆಂದರೆ ಇದೇ ಚಿಕಿತ್ಸೆ ಮೂಳೆಯನ್ನೂ ತೆಳುವಾಗಿಸುತ್ತದೆ. ನನಗೆ ನೋವಾಗುವುದು ಇವರು ನಮ್ಮಲ್ಲಿಗೆ ಬರುವ ಹೊತ್ತಿನ ಬಗ್ಗೆ. ಮೊದಲ ಚುಚ್ಚುಮದ್ದಿನ ವಾರದಲ್ಲೇ ಬರಬೇಕಾದವರನ್ನು ಒಮ್ಮೆ ಬಿದ್ದ ಮೇಲೆ ಕಳುಹಿಸಲಾಗುತ್ತದೆ.

ಆ ಹಿರಿಯರು ಚುಚ್ಚುಮದ್ದು ಮುಂದುವರಿಸಿಕೊಂಡೇ ಮೂರು ತಿಂಗಳು ತಪ್ಪದೆ ಬಂದರು. ಕೊನೆಯ ದಿನ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಎದ್ದು ತೋರಿಸಿದರು. ತೂಕ ನೋಡಿದರೆ, ಮೊದಲ ದಿನ ಬರೆದುಕೊಂಡಿದ್ದ ಅಂಕಿಯೇ ಇತ್ತು.